ಮಾಮಾನ ಕಟ್ಟಿಗೆಯ ಸೈನ್ಯ

ನಮ್ಮ ಮಾಮಾ ಬರುತ್ತಾರೆಂದು ಫೋನು ಬಂತೆಂದರೆ ನಾನು ಮೊದಲು ಬಚ್ಚಿಡುವುದು ಬಂಗಾರವನ್ನಲ್ಲ, ಲಟ್ಟಣಿಗೆಯನ್ನು! ಅದರ ಹಿಂದೆ ಕಡಗೋಲು. ಅದರ ಹಿಂದೆ ನಮ್ಮ ಮಾವನವರ ಕಾಲದ ಸಾಗವಾನಿ ಕುರ್ಚಿ. ಕುರ್ಚಿಯನ್ನು ಎಲ್ಲಿ ಬಚ್ಚಿಡುತ್ತೀರಿ ಎಂದು ಕೇಳುತ್ತೀರಾ? ಅದರ ಮೇಲೆ ನಮ್ಮ ಮನೆಯವರನ್ನು ಕೂಡಿಸಿ, ಮಾಮಾ ಬಸ್ಸು ಹತ್ತುವ ತನಕ ಏಳಬೇಡಿರೆಂದು ತಾಕೀತು ಮಾಡುತ್ತೇನೆ. ಹೋದ ಸಲ ಮಾಮಾ ಊಟ ಮಾಡಿ, ನಿದ್ದೆ ತೆಗೆದು, ಮತ್ತೊಂದು ಚಹಾ ಕುಡಿದು ಹೊರಡುವುದರೊಳಗೆ ಇವರ ಕಾಲು ಜೋಮು ಹಿಡಿದು, ಕಳಿಸಿಕೊಡಲೆಂದು ಎದ್ದವರು ಸೀದಾ ಮಾಮಾನ ಪಾದದ ಮೇಲೆ ಬಿದ್ದರು. "ಇರ್ಲಿ ಇರ್ಲಿ, ಇಷ್ಟ ಭಕ್ತಿ ಯಾಕ್ರಿ ಅಳಿಯಂದಿರ" ಎಂದು ಮಾಮಾ ತಲೆ ಸವರಿ ಹೋದರು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮನೆ ಮೂಡಲಗಿಯಲ್ಲಿ. ದನದ ದವಾಖಾನೆಯಲ್ಲಿ ಕಂಪೌಂಡರಾಗಿ ದುಡಿದು ನಿವೃತ್ತರಾದವರು. ಎಮ್ಮೆ, ಎತ್ತು, ಕುರಿಗಳ ಸಹವಾಸದಲ್ಲೇ ಆಯುಷ್ಯ ಕಳೆದದ್ದರಿಂದ ಮನುಷ್ಯರನ್ನೂ ಅದೇ ಲೆಕ್ಕದಲ್ಲಿ ನೋಡುತ್ತಾರೆ. ನನಗೆ ಹುಕ್ಕೇರಿಯ ಈ ಗಂಡನ್ನು ನೋಡಲು ಹೋದಾಗ ಉಳಿದವರೆಲ್ಲ ನೌಕರಿ, ಹೊಲ, ಪಗಾರ ಎಂದು ವಿಚಾರಿಸುತ್ತಿದ್ದರೆ, ಮಾಮಾ ಹುಡುಗನನ್ನು ಹೇಗೋ ನಗಿಸಿ ಹಲ್ಲು ನೋಡಿಕೊಂಡು, "ವಯಸ್ಸ ಖರೆ ಹೇಳ್ಯಾನ, ಕೊಟ್ಟಬಿಡ್ರಿ" ಎಂದಿದ್ದರಂತೆ. ಕೊಟ್ಟರು.

ಇಂಥವರಿಗೆ ನನ್ನ ಲಟ್ಟಣಿಗೆ ಯಾಕೆ ಬೇಕು? ಚದುರಂಗಕ್ಕೆ! ಆದರೆ ಅಲ್ಲಿಗೆ ಹೋಗುವ ಮೊದಲು ನಗು ಬರದ ಮಾತೊಂದನ್ನು ಹೇಳಿ ಮುಗಿಸಿಬಿಡುತ್ತೇನೆ.

ಮಾಮಾನಿಗೆ ಸಕ್ಕರೆ ಕಾಯಿಲೆ. ನಮ್ಮ ಕಡೆ ಅದನ್ನು 'ಶುಗರು' ಎಂದಷ್ಟೇ ಅನ್ನುತ್ತಾರೆ, ಮನೆಗೆ ಬಂದ ಬೀಗರ ಹೆಸರು ಹೇಳಿದ ಹಾಗೆ. ಬೀಗರಂತೆಯೇ ಅದು ಎಷ್ಟೋ ವರ್ಷ ಮಾಮಾನ ಮನೆಯಲ್ಲಿ ಉಂಡು ತಿಂದು ಆರಾಮಾಗಿ ಇತ್ತು. ಆಮೇಲೆ ಒಂದು ದಿನ ಬಲಗಣ್ಣನ್ನು ತೆಗೆದುಕೊಂಡು ಹೋಯಿತು. ಗೋಕಾಕದ ಕಣ್ಣಿನ ಡಾಕ್ಟರು ಎಡಗಣ್ಣಿಗೆ ದೀಪ ಹಿಡಿದು ನೋಡಿದರು. ಒಳಗಿನ ಪರದೆಯಲ್ಲಿ ರಕ್ತ ಒಸರುತ್ತಿದೆ, ಲೇಸರು ಸೂಜಿ ಎಲ್ಲ ಮಾಡೋಣ, ಆದರೂ ಇದು ಬಹಳ ದಿನ ನಿಲ್ಲುವ ಹಾಗೆ ಕಾಣುವುದಿಲ್ಲ ಎಂದರು. ನಾನೂ ಅತ್ತೆಯೂ ಬಾಜೂ ನಿಂತಿದ್ದೆವು. ಮಾಮಾ ಕೇಳಿದರು:

"ಡಾಕ್ಟರ್ರ, ಎತ್ತಿಗಿ ಹಿಂಗ ಆತಂದ್ರ ನಾವು ದವಾಖಾನ್ಯಾಗ ಏನ ಮಾಡತಿದ್ವಿ ಗೊತ್ತೈತೇನ್ರಿ?"

ಡಾಕ್ಟರಿಗೆ ಕುತೂಹಲ. "ಏನ ಮಾಡತಿದ್ರಿ?"

"ಏನೂ ಮಾಡತಿರಲಿಲ್ರಿ. ಸಂತಿಗಿ ಹೊಡೀರಿ ಅಂತಿದ್ವಿ."

ಡಾಕ್ಟರು ನಕ್ಕರು. ಮಾಮಾ ಅವರಿಗಿಂತ ಜೋರಾಗಿ ನಕ್ಕರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು.

ಅತ್ತೆ, ಅಂದರೆ ಮಾಮಾನ ಹೆಂಡತಿ, ಹುಟ್ಟಿ ಬೆಳೆದದ್ದು ಅದೇ ಗೋಕಾಕದಲ್ಲಿ. ತವರಿಗೆ ಹೋದವರು ಕರದಂಟಿನ ಡಬ್ಬಿ ಇಲ್ಲದೆ ಎಂದೂ ತಿರುಗಿ ಬಂದವರಲ್ಲ. ಬೆಲ್ಲ, ಅಂಟು, ಉತ್ತತ್ತಿ, ಒಣಕೊಬ್ಬರಿ ಕೂಡಿಸಿ ಮಾಡಿದ ಆ ತುಂಡುಗಳನ್ನು ಮಾಮಾ ಶುಗರು ಬಂದ ಮೇಲೂ ಔಷಧದ ಹಾಗೆ ಮೂರು ಹೊತ್ತು ತಿಂದರು. ಆವತ್ತು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೆ ನನ್ನ ಕೈ ಹಿಡಿದರು.

"ನನ್ನ ತವರಮನಿ ಕರದಂಟ ಇವರ ಕಣ್ಣ ತಿಂತವ್ವಾ."

ಹಿಂದಿನಿಂದ ಬಂದ ಮಾಮಾ ಗದರಿದರು. "ಏ, ಕರದಂಟಿಗೆಲ್ಲಿ ಹಲ್ಲ ಅದಾವ? ತಿಂದಾಂವ ನಾನು. ನಡಿ, ಬಸ್ಸ ತಪ್ಪತೈತಿ."

ಆದರೆ ಅತ್ತೆ ಅಂದಿನಿಂದ ತವರಿನ ದಾರಿಯನ್ನೇ ಬಿಟ್ಟರು.

ಇನ್ನು ನಾನು. ನಾನು ಹುಟ್ಟಿದಾಗಿನಿಂದ ಚಿಂತೆ ಮಾಡುವಾಕೆ. ಫೋನು ಬಾರಿಸಿದರೆ ಎತ್ತುವುದರೊಳಗೆ ಯಾರು ಹೋದರು, ಮಣ್ಣು ಎಷ್ಟು ಹೊತ್ತಿಗೆ, ಯಾವ ಬಸ್ಸಿಗೆ ಹೊರಡಬೇಕು ಎಂಬುದನ್ನೆಲ್ಲ ನಿಕ್ಕಿ ಮಾಡಿರುತ್ತೇನೆ. ಆ ಕಡೆಯವರು ಬರೇ ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕೆಂದು ಕೇಳಿದರೆ ಒಂಥರಾ ನಿರಾಶೆಯೇ ಆಗುತ್ತದೆ! ಇಂಥವಳಿಗೆ ಕಣ್ಣು ಹೋಗುವ ಮಾಮಾ ಸಿಕ್ಕರೆ ಕೇಳಬೇಕೇ? ಮೆಟ್ಟಿಲಿಂದ ಬಿದ್ದರೆ? ಬಿಸಿನೀರಿನ ಹಂಡೆಗೆ ಕೈ ಹಾಕಿದರೆ? ಹಾವಿನ ಬಾಲವನ್ನು ಹಗ್ಗವೆಂದು ಹಿಡಿದರೆ? ಒಂದೊಂದನ್ನೇ ಮಾಮಾನಿಗೆ ಹೇಳಿದೆ. ಮಾಮಾ ಕಿವಿಗೊಟ್ಟು ಕೇಳಿ, "ಅದೆಲ್ಲಾ ಇರ್ಲಿ, ಆಟ ಹ್ಯಾಂಗ ಆಡೂದು?" ಎಂದರು.

ಮಾಮಾನಿಗೆ ಇರುವ ಚಟ ಒಂದೇ, ಚದುರಂಗ. ಕುಲಗೋಡದಲ್ಲಿ ಒಬ್ಬ ಕುರುಬ ಗೆಳೆಯನಿದ್ದ. ಕುರಿಗಳಿಗೆ ಜಂತಿನ ಔಷಧ ಒಯ್ಯಲು ಬಂದವನು ದವಾಖಾನೆಯ ಕಟ್ಟೆಯ ಮೇಲೆ ಮಾಮಾನ ಎದುರು ಆಟಕ್ಕೆ ಕೂತು, ಔಷಧವನ್ನೂ ಮರೆತು ಕುರಿಗಳನ್ನೂ ಮರೆತದ್ದುಂಟು. ಇಬ್ಬರಿಗೂ ವಯಸ್ಸಾದ ಮೇಲೂ ಆಟ ನಿಂತಿರಲಿಲ್ಲ. ಈಗ ಕಾಣದ ಕೈಗೆ ಆ ಪ್ಲಾಸ್ಟಿಕ್ ಕಾಯಿಗಳು ಒಗ್ಗುವುದಿಲ್ಲ. ಮುಟ್ಟಿದರೆ ಉರುಳುತ್ತವೆ, ಬಿಳಿಯದು ಯಾವುದು ಕರಿಯದು ಯಾವುದು ಬೆರಳಿಗೆ ತಿಳಿಯುವುದಿಲ್ಲ. ನಾನು ಮೊಬೈಲಿನಲ್ಲಿ ಹುಡುಕಿ ಒಂದು ದಾರಿ ತೋರಿಸಿದೆ.

"ಮಾಮಾ, ಕಣ್ಣ ಕಾಣದವರಿಗಂತನ ಮಾಡಿದ್ದು ತಯಾರ ಸಿಗತಾವು. ತರಸಲೇನು?"

"ಯಾರಿಗಿ?"

"ನಿಮಗ."

"ನನಗ ಇನ್ನೂ ಕಾಣತೈತಿ. ನಿನ್ನಿ ಉಟ್ಟ ಸೀರೀನ ಇವತ್ತೂ ಉಟಗೊಂಡೀದಿ."

ತಾವೇ ಮಾಡುತ್ತಾರಂತೆ! ಕಟ್ಟಿಗೆಯಲ್ಲಿ, ಭಾರವಾಗಿ, ಬುಡ ಅಗಲವಾಗಿ. ಆನೆಗೆ ಸೊಂಡಿಲು, ಒಂಟೆಗೆ ಡುಬ್ಬ, ಕುದುರೆಗೆ ಕಿವಿ, ಮುಟ್ಟಿದ ಕೂಡಲೇ ಇಂಥದೆಂದು ಗೊತ್ತಾಗಬೇಕು. ಬಿಳಿಯ ಪಡೆಯನ್ನೆಲ್ಲ ಪಾಲಿಶ್ ಕಾಗದದಿಂದ ತಿಕ್ಕಿ ನುಣ್ಣಗೆ ಮಾಡುವುದು, ಕರಿಯ ಪಡೆಯನ್ನು ಗರಗಸದ ಹಲ್ಲಿನ ಗುರುತು ಉಳಿಸಿ ಒರಟಾಗಿಯೇ ಬಿಡುವುದು. ಕಣ್ಣಿದ್ದಾಗಲೇ ಎಲ್ಲ ಮಾಡಿ ಮುಗಿಸಬೇಕು. ಮುಗಿಯದಿದ್ದರೆ? "ಮುಗೀದಿದ್ರ ಮಾರಿ ಗ್ವಾಡಿಗಿ ಮಾಡಿ ಕುಂಡರೂದು" ಎಂದರು. ಆ ಒಂದು ಮಾತನ್ನು ಮಾತ್ರ ಅವರು ನಗದೆ ಹೇಳಿದರು.

ಕಟ್ಟಿಗೆ ಹಳೆಯದಿರಬೇಕು, ಹೊಸದು ಸೀಳುತ್ತದೆ. ಅಲ್ಲಿಂದ ಶುರುವಾಯಿತು ನೋಡಿ ನಮ್ಮೆಲ್ಲರ ಮನೆಯ ಲಟ್ಟಣಿಗೆಗಳ ಕುಲಕ್ಷಯ! ನನ್ನ ಮೊದಲಿನದು ಬಿಳಿಯ ಪಡೆಯ ಕಾಲಾಳು ಪ್ಯಾದೆಗಳಾಯಿತು. ಬೆಲ್ಲದ ಬಾಗೇವಾಡಿಯಲ್ಲಿ ಮದುವೆಯೊಂದಕ್ಕೆ ಹೋದಾಗ ಮದುಮಗ ಕೂತ ಮಣೆಯನ್ನೇ ಮಾಮಾ ಬಗ್ಗಿ ಬಗ್ಗಿ ನೋಡುತ್ತಿದ್ದರು. ವರನ ಕಡೆಯವರು ಇದು ಯಾವುದೋ ಶಾಸ್ತ್ರವಿರಬೇಕೆಂದು ಅವನನ್ನು ಒಮ್ಮೆ ಎಬ್ಬಿಸಿ ಕೂಡಿಸಿದರು.

ಮಷೀನು ಪಾರ್ಸಲ್ಲಿನಲ್ಲಿ ಬಂತು. ಸ್ಕ್ರೋಲ್ ಸಾ ಎಂದು ಅದರ ಹೆಸರು. ದಾರದಷ್ಟು ಸಣ್ಣ ಗರಗಸದ ಬ್ಲೇಡು, ಮೇಲೂ ಕೆಳಗೂ ಬಿಗಿದು ಕಟ್ಟಿದ್ದು, ಸೂಜಿಯ ಹಾಗೆ ಟಕಟಕ ಏರಿ ಇಳಿಯುತ್ತದೆ. ಅದು ನಿಂತಲ್ಲೇ ಕುಣಿಯುತ್ತದೆ, ಕಟ್ಟಿಗೆಯನ್ನು ನಾವು ತಿರುಗಿಸುತ್ತ ಹೋಗಬೇಕು. ಅದರ ಸದ್ದು ಕೇಳಿ ಓಣಿಯ ಹೆಂಗಸರಿಗೆ ಸಂತೋಷವೋ ಸಂತೋಷ. ಮರುದಿನವೇ ಒಬ್ಬಾಕೆ ಎರಡು ಜಂಪರಿನ ಬಟ್ಟೆ ಹಿಡಿದು ಬಂದಳು.

"ಕಾಕಾರು ಹೊಲಿಗಿ ಮಷೀನ್ ತಂದಾರಂತಲ್ರಿ? ತೋಳ ಉದ್ದ ಇಡಾಕ ಹೇಳ್ರಿ."

ಮಾಮಾ ಒಳಗಿನಿಂದಲೇ ಕೂಗಿದರು. "ತೋಳ ಉದ್ದ ಇಡೂದಿಲ್ಲವಾ, ತಗೀತೇನಿ! ಬಾ ಒಳಗ!"

ಆಕೆ ಇಂದಿಗೂ ಆ ಮನೆಯ ಎದುರಿನಿಂದ ಕೈ ಕಟ್ಟಿಕೊಂಡೇ ಹಾಯುತ್ತಾಳೆ.

ಈ ಕೆಲಸದ ಗುಟ್ಟೊಂದಿದೆ. ಚೌಕ ಕಟ್ಟಿಗೆಯ ಒಂದು ಮೈಮೇಲೆ ಕುದುರೆಯ ಎದುರಿನ ಆಕಾರ, ಬಾಜೂ ಮೈಮೇಲೆ ಪಕ್ಕದ ಆಕಾರ ಬರೆಯಬೇಕು. ಮೊದಲು ಒಂದು ಕಡೆಯಿಂದ ಕೊರೆಯಬೇಕು. ಆಗ ಉದುರುವ ಚೂರುಗಳನ್ನು ಕಸವೆಂದು ಒಗೆಯಬಾರದು! ಎಲ್ಲವನ್ನೂ ಮತ್ತೆ ಇದ್ದಲ್ಲೇ ಕೂಡಿಸಿ, ಟೇಪು ಸುತ್ತಿ, ಕಟ್ಟಿಗೆಯನ್ನು ಮೊದಲಿನ ಹಾಗೆ ಚೌಕ ಮಾಡಿಕೊಂಡು ಹೊರಳಿಸಿ ಎರಡನೆಯ ಕಡೆ ಕೊರೆಯಬೇಕು. ಕೊನೆಗೆ ಟೇಪು ಬಿಚ್ಚಿದರೆ ಹೊರಗಿನದೆಲ್ಲ ಕಳಚಿ, ಒಳಗೆ ಕುದುರೆ ನಿಂತಿರುತ್ತದೆ. ಮಾಮಾ ಇದನ್ನು ನನಗೆ ವಿವರಿಸುವಾಗ, ಹಸುವಿನ ಹೆರಿಗೆಯ ಮಾತು ಹೇಳುತ್ತಿದ್ದಾರೇನೋ ಎನ್ನಿಸಿತು.

ಮೊದಲ ಕುದುರೆಯ ಒಂದು ಕಡೆ ಕೊರೆದು ಮಾಮಾ ಚಹಾಕ್ಕೆ ಎದ್ದು ಹೋದರು. ತಿರುಗಿ ಬರುವುದರೊಳಗೆ ಅತ್ತೆ ಕಸ ಹೊಡೆದಿದ್ದರು! ಚೂರುಗಳೆಲ್ಲ ಬಚ್ಚಲ ಒಲೆಯಲ್ಲಿ ಉರಿಯುತ್ತಿದ್ದವು.

"ಅದು ಕಸ ಅಲ್ಲಲೇ! ಅರ್ಧಾ ಕುದುರಿ ಅದು!"

"ನನಗೇನ ಗೊತ್ರಿ? ಕುದುರಿ ಒದರಬೇಕಿತ್ತ. ನೀರ ಕಾದಾವ, ಜಳಕಾ ಮಾಡ ಹೋಗ್ರಿ."

ಉಳಿದ ಅರ್ಧ ಕುದುರೆ ಬಿಸ್ಕೀಟಿನಂತೆ ಚಪ್ಪಟೆಯಾಗಿತ್ತು. ಮಾಮಾ ಜಳಕ ಮಾಡಿದರು. ಅಂದಿನಿಂದ ಆ ಮನೆಯಲ್ಲಿ ಕಸಬರಿಗೆ ಹಿಡಿದವರು ಮೊದಲು ಮಾಮಾನನ್ನು ಕೂಗಿ ಕೇಳಬೇಕಾಯಿತು.

ಹೀಗೆ ಆನೆ, ಒಂಟೆ, ಪ್ಯಾದೆಗಳು ಒಂದೊಂದಾಗಿ ಹುಟ್ಟುತ್ತಿರುವಾಗ ಕುಲಗೋಡದ ಗೆಳೆಯ ತೀರಿಕೊಂಡ. ಮಾತಾಡಿಸಿ ಬರಲು ಮಾಮಾನ ಜೊತೆ ನಾನೂ ಹೋದೆ. ಅವರ ಕೈ ಹಿಡಿದು ಬಸ್ಸು ಇಳಿಸಲು ಯಾರಾದರೂ ಬೇಕಾಗಿತ್ತು, ಎಡಗಣ್ಣೂ ಅಷ್ಟಕ್ಕೆ ಬಂದಿತ್ತು. ಮನೆಯವರೆಲ್ಲ ಅಳುತ್ತಿದ್ದರು. ಮಾಮಾ ಅಂಗಳದ ಕಡೆ ಮುಖ ಮಾಡಿ ಕೂತಿದ್ದರು. ನೆನಪಿನಲ್ಲಿ ಮುಳುಗಿದ್ದಾರೆ, ಪಾಪ ಎಂದುಕೊಂಡೆ. ಅಂಗಳದಲ್ಲಿ ಸತ್ತವನು ಮಲಗುತ್ತಿದ್ದ ಹೊರಸನ್ನು ಗೋಡೆಗೆ ನಿಲ್ಲಿಸಿ ಇಟ್ಟಿದ್ದರು. ಪದ್ಧತಿಯಂತೆ ಅದು ಹೊರಗೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಮಾಮಾ ಎದ್ದು ಹೋಗಿ ಅದರ ಕಾಲನ್ನು ಸವರಿದರು. ಆಮೇಲೆ ಉಗುರಿನಿಂದ ಕೆರೆದರು. ನಾನು ಓಡಿ ಹೋಗಿ ಅವರ ಅಂಗಿ ಜಗ್ಗಿದೆ.

"ಮಾಮಾ, ಬ್ಯಾಡ್ರಿ!" ಎಂದು ಪಿಸುಗುಟ್ಟಿದೆ.

"ತಂಗೀ," ಎಂದರು ಮಾಮಾ, ಆ ವಿಧವೆಗೆ. "ಇದು ಜಾಲಿ ಕಾಲ, ಒಳಗ ಕರ್ರಗ ಇರತೈತಿ. ಒಂದ ಕಾಲ ಕೊಡತೀಯೇನವಾ? ಕರೀ ರಾಜಾ ಮಾಡತೇನಿ. ಇಂವ ಯಾವಾಗ್ಲೂ ಕರೀದ ಆಡತಿದ್ದ."

ಅಳು ಒಮ್ಮೆಗೇ ನಿಂತಿತು. ಸತ್ತ ಮನೆಗೆ ಬಂದು ಹೊರಸಿನ ಕಾಲು ಕೇಳುವ ಮನುಷ್ಯನನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನಾನು ಭೂಮಿ ಬಾಯಿ ಬಿಡಲೆಂದು ಕಾಯುತ್ತಿದ್ದೆ. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ಮಾಮಾನನ್ನು ನೋಡಿದಳು.

"ಒಂದ ಯಾಕ್ರಿ ಅಣ್ಣಾ, ನಾಕೂ ಒಯ್ಯಿರಿ. ಕುರಿಗಿಂತಾ ನಿಮ್ಮ ಸಂಗಾಟ ಕುಂತದ್ದ ಜಾಸ್ತಿ ಅಂವ."

ಮೂಡಲಗಿಯ ಬಾಗಿಲಲ್ಲಿ ಅತ್ತೆ ಸತ್ತವನ ಹೊರಸಿನ ಕಾಲುಗಳನ್ನು ಕಂಡು ಚಿಟ್ಟನೆ ಚೀರಿದರು. ಮಾಮಾನಿಗೆ ಅಂಗಳದಲ್ಲೇ ಜಳಕವಾಯಿತು. ಆಮೇಲೆ ನನಗೆ. ಆಮೇಲೆ ನಾಲ್ಕೂ ಕಾಲುಗಳಿಗೆ, ಸೀಗೆಪುಡಿ ಹಾಕಿ! ಅವು ಒಣಗುವ ತನಕ ಮಷೀನು ನಿಂತಿತು. ಆ ಬಿಸಿಲಲ್ಲಿ ಮಾಮಾ ದಿನಾ ಅವುಗಳ ಬಾಜೂ ಕೂತು ಎಡಗಣ್ಣಿನಿಂದ ಸೂರ್ಯನನ್ನು ನೋಡಿ, ಇನ್ನೂ ಇದೆ, ಇನ್ನೂ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರಂತೆ.

ಮುಂದೆ ಒಂದು ಮಧ್ಯಾಹ್ನ ನಾನು ಹುಕ್ಕೇರಿಯಿಂದ ಹೇಳದೆ ಕೇಳದೆ ಹೋದೆ. ಮಷೀನು ಓಡುತ್ತಿತ್ತು. ಮಾಮಾ ಕರಿಯ ಆನೆಯನ್ನು ತಿರುಗಿಸುತ್ತಿದ್ದರು, ಎರಡೂ ಕಣ್ಣು ಮುಚ್ಚಿಕೊಂಡು! ಬ್ಲೇಡಿನಿಂದ ಹೆಬ್ಬೆರಳು ಒಂದು ಗೋದಿಕಾಳಿನ ಅಂತರ. ಶುಗರಿನ ಕೈ, ಗಾಯವಾದರೆ ಮಾಯುವುದಿಲ್ಲ, ಬೆರಳು ಹೋಗುತ್ತದೆ, ಆಮೇಲೆ ಕೈ ಹೋಗುತ್ತದೆ, ಆಮೇಲೆ... ನಾನು ಹಾ ಎಂದು ಚೀರಿದೆ. ಬ್ಲೇಡು ಪಟ್ಟನೆ ಮುರಿಯಿತು.

"ನಿನ್ನ ದನೀಗಿ ಉಕ್ಕ ಮುರೀತು ನೋಡು," ಎಂದರು ಮಾಮಾ ಕಣ್ಣು ತೆರೆದು.

"ಕಣ್ಣ ಮುಚಗೊಂಡ ಗರಗಸಾ ಹಿಡದೀರಲ್ಲ, ತಲಿ ಐತೇನ್ರಿ ನಿಮಗ?"

"ಕಣ್ಣ ಹೋದ ಮ್ಯಾಲ ಕಲಿಯಾಕ ಕುಂತ್ರ ಬೆರಳ ಹೋಗತಾವವ್ವಾ. ಕಣ್ಣ ಇರೂ ಹೊತ್ತಿಗೇ ಕುರುಡತನಾ ಕಲಿಯಬೇಕ. ತಪ್ಪಿದ್ರ ತಗದ ನೋಡಾಕ ಬರತೈತಲ್ಲ?"

  ನಾನು ಅಡುಗೆಮನೆಗೆ ಹೋಗಿ ಅತ್ತೆಯ ಜೊತೆ ಶೇಂಗಾ ಸುಲಿಯುತ್ತ ಕೂತೆ.

ಬಿಳಿಯ ವಜೀರನೊಬ್ಬನನ್ನು ಬಿಟ್ಟು ಪಡೆಗಳೆರಡೂ ತಯಾರಾದವು. ಕರಿಯವು ಬೆಕ್ಕಿನ ನಾಲಗೆಯಂತೆ ಒರಟು, ಬಿಳಿಯವು ಬೆಣ್ಣೆ. ಆಗ ಅತ್ತೆಗೆ ಏನು ಹೊಳೆಯಿತೋ, ಯಾರಿಗೂ ಹೇಳದೆ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಗೋಕಾಕದ ಬಸ್ಸು ಹತ್ತಿದರು. ಆ ದವಾಖಾನೆಯ ದಿನದ ನಂತರ ತವರಿಗೆ ಹೋದದ್ದು ಅದೇ ಮೊದಲು.

ಗೋಕಾಕದಲ್ಲಿ ಹುಟ್ಟಿದವರಿಗೆ ಬರೀ ಕಟ್ಟಿಗೆ ಎಂದರೆ ಅರ್ಧ ಕೆಲಸ. ಅಲ್ಲಿಯ ಆಟಿಗೆ ಮಾಡುವವರು ಕಟ್ಟಿಗೆಯ ಮಾವಿನಹಣ್ಣಿಗೆ ಬಣ್ಣ ಹಚ್ಚಿದರೆ ನೊಣ ಬಂದು ಕೂಡುತ್ತದೆ! ಅತ್ತೆ ಅವರ ನೆರೆಯಲ್ಲೇ ಬೆಳೆದವರು. ಕರದಂಟು ಕಳೆದದ್ದನ್ನು ಬಣ್ಣದಿಂದ ತುಂಬಿಕೊಡುತ್ತೇನೆಂದು ಹೋಗಿದ್ದರು. ಡಬ್ಬಿ ತಿರುಗಿ ಬಂದ ದಿನ ನಾನೂ ಅಲ್ಲಿದ್ದೆ. ಏನು ಚಂದ! ಪ್ಯಾದೆಗಳಿಗೆ ಕೆಂಪು ರುಮಾಲು, ಕುದುರೆಗೆ ಹಸಿರು ಲಗಾಮು, ಆನೆಯ ಬೆನ್ನಿಗೆ ಹೂವಿನ ಝೂಲು, ಎರಡೂ ರಾಜರಿಗೆ ಕಿವಿಯ ತನಕ ಮೀಸೆ. ಮೇಲೆ ಕನ್ನಡಿಯಂಥ ಹೊಳಪು.

"ನೋಡ್ರಿ," ಎಂದರು ಅತ್ತೆ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ಮಾಮಾನ ಎಡಗಣ್ಣಿಗೆ ಆಗ ಬೆಳಕು ಮತ್ತು ಬಣ್ಣದ ಮುದ್ದೆಗಳಷ್ಟೇ ಕಾಣುತ್ತಿದ್ದವು. ಒಂದೊಂದು ಕೈಯಲ್ಲಿ ಒಂದೊಂದು ಪ್ಯಾದೆ ತೆಗೆದುಕೊಂಡರು.

"ಇದು ಯಾವುದು?"

"ಬಿಳೀದು," ಎಂದೆ.

"ಇದು?"

"ಕರೀ..." ಎನ್ನುವಾಗ ನನಗೆ ತಿಳಿಯಿತು.

ಮಾಮಾನ ಎರಡೂ ಹೆಬ್ಬೆರಳು ಎರಡೂ ಪ್ಯಾದೆಗಳ ಮೇಲೆ ಜಾರುತ್ತಿದ್ದವು. ಎರಡೂ ಒಂದೇ ನುಣುಪು. "ಹೌದು?" ಎಂದರು. ಅಷ್ಟೇ. ಎರಡನ್ನೂ ಮೆಲ್ಲಗೆ ಡ‌ಬ್ಬಿಯಲ್ಲಿಟ್ಟು, ಗೋಡೆ ಹಿಡಿದು ಒಳಗೆ ಹೋಗಿ, ಮುಖ ಗೋಡೆಗೆ ಮಾಡಿ ಮಲಗಿದರು. ಅತ್ತೆಗೆ ನಾನೇ ಹೇಳಬೇಕಾಯಿತು. ಅವರು ಅಳಲಿಲ್ಲ. ನೆಲ ನೋಡುತ್ತ ಕೂತುಬಿಟ್ಟರು.

"ಕಣ್ಣ ಕಳದಾಕಿನೂ ನಾನ, ಕೈ ಕಳದಾಕಿನೂ ನಾನ."

ಆವತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಾನು ಹುಕ್ಕೇರಿಗೆ ಹೋಗದೆ ಅಲ್ಲೇ ಉಳಿದೆ. ಇಬ್ಬರೂ ಬಾವಿಗೆ ಬಿದ್ದರೆ? ಮೂಡಲಗಿಯ ಆ ಓಣಿಯಲ್ಲಿ ಬಾವಿ ಇಲ್ಲವೆಂದು ನೆನಪಾದದ್ದು ಬೆಳಗ್ಗೆ.

ಬೆಳಗ್ಗೆ ಮಾಮಾ ಎದ್ದವರೇ ಕೂಗಿದರು. "ಏ, ಸತ್ತೀಯೋ ಇದ್ದೀಯೋ? ಇದ್ರ ಪಾಲಿಶ್ ಕಾಗದಾ ತಗೊಂಡ ಬಾ, ದಪ್ಪನ್ನದು. ಬಣ್ಣಾ ಹಚ್ಚಿಸಿದಾಕಿನ ತಗೀಬೇಕು."

ಅಂದಿನಿಂದ ಅತ್ತೆ ಅಡುಗೆ ಮುಗಿಸಿ ಕರಿಯ ಪಡೆಯನ್ನು ಮುಂದಿಟ್ಟುಕೊಂಡು ತಿಕ್ಕಲು ಕೂಡತೊಡಗಿದರು. ಮಾಮಾ ಎದುರಿಗೆ ಕೂತು ಬೆರಳಿನಿಂದ ಪರೀಕ್ಷೆ ಮಾಡುವರು.

"ಸಾಕೇನ್ರಿ?"

"ಮೀಸಿ ಇನ್ನೂ ಐತಿ. ತಿಕ್ಕ."

"ಮೀಸಿ ತಗದ್ರ ಅಂವ ಎಂಥಾ ರಾಜಾರಿ?"

"ನನ್ನ ಮೀಸಿ ನೀ ಬಂದ ವರ್ಷನ ಹೋತು. ಸಂಸಾರ ಆಗಿಲ್ಲೇನ?"

ತಿಕ್ಕುತ್ತ ತಿಕ್ಕುತ್ತ ಅತ್ತೆಗೆ ಕಾಯಿಗಳ ಹೆಸರು ಬಂತು. ಹೆಸರಿನ ಹಿಂದೆ ನಡಿಗೆ ಬಂತು. "ಎಲ್ಲಾರೂ ನೆಟ್ಟಗ ಹೋಗತಾರು, ಈ ಕುದುರಿ ಯಾಕ್ರಿ ಸೊಟ್ಟ ಜಿಗೀತೈತಿ?" ಎಂದರೆ, "ಅದಕ್ಕ ನಿಮ್ಮ ಅಣ್ಣನ ಬುದ್ಧಿ" ಎಂದು ಉತ್ತರ. ಕರಿಯ ಪಡೆ ಮೊದಲಿಗಿಂತ ಒರಟಾಯಿತು. ಅತ್ತೆಯ ಅಂಗೈ ಕೂಡ.

ಬಿಳಿಯ ವಜೀರ ಉಳಿದಿದ್ದನಲ್ಲ, ಅವನನ್ನು ಕೊರೆಯಲು ಮಾಮಾನಿಗೆ ಇದ್ದದ್ದು ಅದೇ ಬೆಳಕಿನ ಮುದ್ದೆಯ ಎಡಗಣ್ಣು. ಒಂದು ಸಂಜೆ ಬಿಸಿಲು ಗೋಡೆಗೆ ಬಿದ್ದಾಗ ಅತ್ತೆಯನ್ನು ಅಂಗಳದ ಕಟ್ಟೆಯ ಮೇಲೆ ಅಡ್ಡ ಮುಖ ಮಾಡಿ ಕೂಡಿಸಿ, ಗೋಡೆಗೆ ಹಚ್ಚಿದ ರಟ್ಟಿನ ಮೇಲೆ ಅವರ ನೆರಳಿನ ಅಂಚನ್ನು ಇದ್ದಿಲಿನಿಂದ ಬರೆಯತೊಡಗಿದರು. ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತಿದ್ದರು.

"ಅಲ್ಲಾಡಬ್ಯಾಡ."

"ಎಮ್ಮಿಗಿ ಸೂಜಿ ಮಾಡೂವಾಗ ಹೇಳಿದಂಗ ಹೇಳತೀರಲ್ರಿ. ಏನ ಮೂಗದಾರ ಹಾಕಾಂವರದೀರೇನ?"

"ಅದನ್ನ ನಿಮ್ಮಪ್ಪ ಹಾಕಿಸೇ ಕಳಸ್ಯಾನು."

ಎದುರು ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಕಿಸಕಿಸ ನಕ್ಕರು. ಮಾಮಾನಿಗೆ ಎದುರಿನ ಅಳತೆಯೂ ಬೇಕಿತ್ತು. ಅತ್ತೆಯ ಹತ್ತಿರ ತಾವು ಹೋಗದೆ ನನ್ನ ಕೈಗೆ ದಾರ ಕೊಟ್ಟು, "ಕಿವಿಯಿಂದ ಕಿವಿಗಿ ಹಿಡದ ಕೊಡು, ಹಣಿಯಿಂದ ಗದ್ದಕ್ಕ ಹಿಡದ ಕೊಡು" ಎಂದರು. ಕೊಟ್ಟೆ. ನಾನು ಬಲ್ಬು ಹಿಡಿದು ನಿಂತೆ, ಅವರು ಕೊರೆದರು. ಎಷ್ಟು ನಿಧಾನ! ಕಟ್ಟಿಗೆ ಹೊರಳಿಸುವ ಮೊದಲು ಉದುರಿದ ಚೂರುಗಳನ್ನು ಬೆರಳಿನಿಂದಲೇ ಹುಡುಕಿ ಇದ್ದಲ್ಲಿ ಕೂಡಿಸಿದರು. ಕೊನೆಗೆ ಒಂದು ಸಣ್ಣ ಹಿತ್ತಾಳೆ ಮೊಳೆ ಕೇಳಿ, ವಜೀರನ ಮೂಗಿನ ಬದಿಗೆ ಬಡಿದರು. ಮೂಗುಬಟ್ಟು ಇಟ್ಟ ವಜೀರನನ್ನು ನೀವು ಯಾವ ದರಬಾರಿನಲ್ಲಾದರೂ ಕಂಡಿದ್ದೀರಾ? ಅದಕ್ಕೆ ಮಾತ್ರ ಬಣ್ಣವಿಲ್ಲ. "ಇದನ್ನ ಯಾರೂ ಗೋಕಾಕಕ್ಕ ಒಯ್ಯೂ ಹಂಗಿಲ್ಲ" ಎಂದು ಕಟ್ಟಪ್ಪಣೆಯಾಯಿತು.

ಆಮೇಲಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅತ್ತೆಯ ಫೋನು ಬಂತು. ಉಪ್ಪಿನಕಾಯಿಯ ಮಾತೇ ಇರಲಿ ದೇವರೇ ಎಂದು ಎತ್ತಿದೆ.

ಮಾಮಾ ರೊಟ್ಟಿ ತಿನ್ನುತ್ತ ಕೂತವರು ತಲೆ ಎತ್ತಿ, "ಕರೆಂಟ ಹೋತೇನು?" ಎಂದು ಕೇಳಿದ್ದರಂತೆ. ಮನೆಯೊಳಗಿನ ತನಕ ಬಿಸಿಲು ಬಿದ್ದಿತ್ತು. ಅತ್ತೆ "ಹೂನ್ರಿ, ಹೋತು" ಎಂದರಂತೆ. ಮಾಮಾ ಉಳಿದ ರೊಟ್ಟಿಯನ್ನು ತಿಂದು ಮುಗಿಸಿ, ತಾಟಿನಲ್ಲೇ ಕೈ ತೊಳೆದುಕೊಂಡು ಹೇಳಿದರಂತೆ: "ಹಂಗಾರ ಇನ್ನ ಬರೂದಿಲ್ಲ ಬಿಡ."

ನಾನೂ ನಮ್ಮ ಮನೆಯವರೂ ಹೋದಾಗ ಮಾಮಾ ಅತ್ತೆ ಆಟಕ್ಕೆ ಕೂತಿದ್ದರು. ಅತ್ತೆಯದು ಕರಿಯ ಪಡೆ, ಮಾಮಾನದು ಬಿಳಿಯದು. ಮಾಮಾನ ಬೆರಳುಗಳು ಪಟದ ಮೇಲೆ ಇರುವೆಗಳಂತೆ ಓಡಾಡಿ, ಯಾರು ಎಲ್ಲಿದ್ದಾರೆಂದು ವಿಚಾರಿಸಿಕೊಂಡು ಬರುತ್ತಿದ್ದವು. ಅತ್ತೆ ಒಂದು ಒರಟು ಒಂಟೆಯನ್ನು ಎಳೆದು ಬಿಳಿಯ ವಜೀರನನ್ನು ಹೊಡೆದರು. ಬಿದ್ದ ವಜೀರನನ್ನು ಮಾಮಾ ತಡಕಿ ಎತ್ತಿಕೊಂಡರು.

"ಸತ್ತದ್ದನ್ನ ಇಲ್ಲಿ ಕೊಡ್ರಿ."

"ಇರ್ಲಿ ತಡಿ," ಎಂದರು ಮಾಮಾ.

ಕೊಡಲಿಲ್ಲ. ಎಡಗೈಯ ಮುಷ್ಟಿಯಲ್ಲಿ ಹಿಡಿದುಕೊಂಡರು. ಆಟ ಮುಂದುವರಿಯಿತು. ಬಲಗೈ ಆಡುತ್ತಿತ್ತು, ಎಡಗೈಯ ಹೆಬ್ಬೆರಳು ಆ ಕಟ್ಟಿಗೆಯ ಹಣೆಯಿಂದ ಮೂಗಿಗೆ, ಮೂಗಿನ ಮೊಳೆಗೆ, ಅಲ್ಲಿಂದ ಗದ್ದಕ್ಕೆ ಇಳಿಯುತ್ತಿತ್ತು, ಮತ್ತೆ ಹಣೆಗೆ ಹೋಗುತ್ತಿತ್ತು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ.

"ಮಾಮಾ, ಖರೇ ಮೂಗಿನಾಕಿ ನಿಮ್ಮ ಎದುರಿಗೇ ಕುಂತಾಳ. ಕಟ್ಟಿಗಿ ಯಾಕ ಸವರತೀರಿ? ಆಕಿ ಮಾರೀನ ಮುಟ್ಟಿ ನೋಡ್ರಿ."

ಮಾಮಾನ ಕಿವಿಗಳು ಕೆಂಪಾದವು. ಸಣ್ಣ ದನಿಯಲ್ಲಿ ಗದರಿದರು. "ಏ ಹುಚ್ಚಿ! ಮಂದಿ ಕುಂತಾರ."

"ಮಂದಿ ಎಲ್ಲಿ ಅದಾರ್ರಿ? ನಾನು, ಇವರು, ಇಬ್ಬರ."

"ಮತ್ತ ನೀವೇನ ಮಂದಿ ಅಲ್ಲೇನ?"

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಪಟದ ಮೇಲಿನ ಕರಿಯ ರಾಜನನ್ನೇ ನೋಡುತ್ತಿದ್ದರು. ನಾನು ಎದ್ದು ನಮ್ಮ ಮನೆಯವರ ತೋಳು ತಿವಿದೆ.

"ಏಳ್ರಿ."

"ಯಾಕ? ಚಹಾ ಈಗರ ಇಟ್ಟಾರ."

"ಏಳ್ರಂದ್ರ!"

ಹೊರಗೆ ಬಂದು ಬಾಗಿಲನ್ನು ಮುಂದೆ ಮಾಡಿದೆ. ಒಳಗೆ ಕಾಯಿ ಇಡುವ ಸದ್ದು ನಿಂತಿತ್ತು. ಅಷ್ಟರಲ್ಲಿ ಬಾಜೂ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಸೀದಾ ಒಳಗೆ ನಡೆದಳು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಈಗ ಬ್ಯಾಡ್ರಿ. ಒಂದೀಟ ತಡದ ಬರ್ರಿ."